ದುಡಿದು ಕೂಡಿಸಿದ ಲೆಕ್ಕ ಯಾರ ಸ್ವತ್ತು?

ನೆಹರು ಗಂಜಿನಲ್ಲಿ ಅಡತಿ ಅಂಗಡಿ ಇಟ್ಟವರಿಗೆ ಒಂದು ನ್ಯಾಯ ಚೆನ್ನಾಗಿ ಗೊತ್ತು. ಮಳಿಗೆ ಬಾಡಿಗೆಯದಿರಬಹುದು, ತಕ್ಕಡಿ ಎರವಲು ತಂದದ್ದಿರಬಹುದು. ಕಿರ್ದಿ ಖತಾವಣಿ ಮಾತ್ರ ವ್ಯಾಪಾರಿಯದು. ಮಳಿಗೆ ಬಿಡುವ ದಿನ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತಾನೆ. ಮಳಿಗೆಯ ಮಾಲೀಕ ಅದನ್ನು ಹಿಡಿದಿಟ್ಟುಕೊಂಡರೆ ಗಂಜಿಗೆ ಗಂಜೇ ಎದ್ದು ನಿಲ್ಲುತ್ತದೆ.

ಈ ಸರಳ ನ್ಯಾಯ ಇಂದು ನಮ್ಮ ಮಕ್ಕಳ ಆಟದಲ್ಲಿ ಸೋಲುತ್ತಿದೆ. ಆಟದ ಮಾತೆಂದು ಓದುಗರು ಪುಟ ಮಗುಚಬಾರದು.

ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗೆ ಕನ್ಸೋಲ್ ಎನ್ನುತ್ತಾರೆ. ಹುಡುಗ ಆರು ತಿಂಗಳು ಆಡಿ ಎಲ್ಲಿಗೆ ಬಂದ, ಏನು ಗಳಿಸಿದ ಎಂಬ ಲೆಕ್ಕ ಅದರಲ್ಲಿ ಕಡತವಾಗಿ ಉಳಿಯುತ್ತದೆ. ಅದೇ ಸೇವ್ ಫೈಲ್. ಮನೆಯ ಅಡಚಣೆಗೆ ಪೆಟ್ಟಿಗೆ ಮಾರಿ, ಅದೇ ಆಟವನ್ನು ಕಂಪ್ಯೂಟರಿನಲ್ಲಿ ಮುಂದುವರಿಸುತ್ತೇನೆಂದರೆ ಬಹಳಷ್ಟು ಆಟಗಳಲ್ಲಿ ಈ ಲೆಕ್ಕ ಜೊತೆಗೆ ಬರುವುದಿಲ್ಲ.

ಹಿಂದೆ ಇಷ್ಟು ಬಿಗಿ ಇರಲಿಲ್ಲ. 2000ರಲ್ಲಿ ಬಂದ ಪ್ಲೇಸ್ಟೇಷನ್ 2ರ 8 ಎಂಬಿ ಮೆಮೊರಿ ಕಾರ್ಡನ್ನು ಕಿಸೆಯಲ್ಲಿಟ್ಟು ಗೆಳೆಯನ ಮನೆಗೆ ಒಯ್ಯಬಹುದಿತ್ತು. 2013ರ ಪ್ಲೇಸ್ಟೇಷನ್ 4 ಪೆನ್ ಡ್ರೈವಿಗೆ ನಕಲು ಕೊಟ್ಟಿತು, ಆದರೆ ಬೀಗ ಹಾಕಿ ಕೊಟ್ಟಿತು. ಕಂಪ್ಯೂಟರು ಅದನ್ನು ಇಟ್ಟುಕೊಳ್ಳಬಲ್ಲದು, ಓದಲಾರದು. 2020ರ ಪ್ಲೇಸ್ಟೇಷನ್ 5 ತನ್ನ ಆಟಗಳಿಗೆ ಆ ನಕಲನ್ನೂ ನಿಲ್ಲಿಸಿತು. ಕ್ಲೌಡ್ ಎಂಬ ಕಂಪನಿಯ ಉಗ್ರಾಣದಲ್ಲಿ ಇಡಬೇಕೆಂದರೆ ಚಂದಾ ತೆರಬೇಕು. ನಮ್ಮ ಲೆಕ್ಕ ಕಾಯಲು ನಾವೇ ಬಾಡಿಗೆ ಕೊಡುವ ವ್ಯವಸ್ಥೆ ಇದು!

ಫೈಲು ಕೈಗೆ ಕೊಟ್ಟರೆ ತಿದ್ದಿ ಮೋಸ ಮಾಡುತ್ತಾರೆ ಎಂಬುದು ಬೀಗದ ಪರವಾಗಿ ಹೇಳುವ ಮಾತು. ತೂಕದ ಮೋಸ ತಡೆಯಲು ಸರ್ಕಾರ ತೂಕದ ಕಲ್ಲಿಗೆ ಮುದ್ರೆ ಒತ್ತುತ್ತದೆ; ಅಂಗಡಿಯ ತಕ್ಕಡಿಯನ್ನೇ ಕಸಿಯುವುದಿಲ್ಲ. ಫೈಲಿಗೂ ತಿದ್ದಿದರೆ ತಿಳಿಯುವಂಥ ಮುದ್ರೆ ಹಾಕಲು ಬರುತ್ತದೆ. ಯಂತ್ರದ ಅಡ್ಡಿ ಎಂಬ ಮಾತೂ ನಿಲ್ಲದು. 'ದಿ ವಿಚರ್ 3' ಆಟವನ್ನು ಮಾಡಿದವರು 2020ರಲ್ಲಿ ನಿಂಟೆಂಡೊ ಸ್ವಿಚ್‌ಗೂ ಕಂಪ್ಯೂಟರಿಗೂ ನಡುವೆ ಸೇವ್ ಫೈಲ್ ಓಡಾಡುವಂತೆ ಮಾಡಿದರು. 2018ರ ಜೂನಿನಲ್ಲಿ, ಪ್ಲೇಸ್ಟೇಷನ್ನಿನಲ್ಲಿ ಒಮ್ಮೆ ತೆರೆದ 'ಫೋರ್ಟ್‌ನೈಟ್' ಖಾತೆ ಸ್ವಿಚ್‌ನಲ್ಲಿ ತೆರೆಯಲಿಲ್ಲ. ಅದೇ ಖಾತೆ ಕಂಪ್ಯೂಟರಿನಲ್ಲಿ ತೆರೆಯುತ್ತಿತ್ತು. ಆಟಗಾರರು ಗದ್ದಲವೆಬ್ಬಿಸಿದರು. ಸೆಪ್ಟೆಂಬರಿನಲ್ಲಿ ಸೋನಿ ಕಂಪನಿ ಮಣಿಯಿತು. ಬೀಗ ಯಂತ್ರದಲ್ಲಿರಲಿಲ್ಲ, ಲಾಭದ ಲೆಕ್ಕಾಚಾರದಲ್ಲಿತ್ತು.

ನಮ್ಮ ದೇಶದಲ್ಲೂ ಇಂಥ ಬೀಗಗಳು ಒಡೆದಿವೆ. 2011ರ ಜನವರಿ 20ರಿಂದ ದೇಶದ ಎಲ್ಲೆಡೆ ಫೋನ್ ಕಂಪನಿ ಬದಲಿಸಿದರೂ ನಂಬರು ನಮ್ಮದೇ ಉಳಿಯಿತು. 2014ರಲ್ಲಿ ಪಿಎಫ್ ಚಂದಾದಾರರಿಗೆ ಒಂದೇ ಖಾಯಂ ಸಂಖ್ಯೆ ಬಂತು. ಮಿಲ್ಲು ಬಿಟ್ಟು ಮಿಲ್ಲಿಗೆ ಹೋದರೂ ಸಂಖ್ಯೆ ಕಾರ್ಮಿಕನ ಬೆನ್ನಿಗೇ ಬರುತ್ತದೆ.

ಆದರೆ ಇದನ್ನೇ ಎಲ್ಲ ಲೆಕ್ಕಕ್ಕೂ ಹಬ್ಬಿಸುವ ಸಮಯ ಬಂದಾಗ ಸರ್ಕಾರ ಹಿಂದೆ ಸರಿಯಿತು. ನಮ್ಮ ವೈಯಕ್ತಿಕ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆದು ಬೇರೆ ಕಡೆ ಒಯ್ಯುವ ಹಕ್ಕು 2019ರ ಮಸೂದೆಯಲ್ಲಿತ್ತು. 2023ರ ಕಾಯಿದೆಯಿಂದ ಅದು ಮಾಯವಾಯಿತು. ಯೂರೋಪಿನ ಜನರಿಗೆ 2018ರಿಂದ ಇರುವ ಹಕ್ಕು ಕಲಬುರಗಿಯವನಿಗೆ ಏಕೆ ಬೇಡ?

ಇದು ಆಟದಲ್ಲೇ ಮುಗಿಯುವುದಿಲ್ಲ. ಇಂದು ಎಷ್ಟೋ ಸಣ್ಣ ವ್ಯಾಪಾರಿಗಳ ಉದ್ರಿ ಲೆಕ್ಕ ಫೋನಿನ ಆ್ಯಪಿನಲ್ಲಿದೆ. ಆ ಆ್ಯಪ್ ನಾಳೆ ಬಾಗಿಲು ಹಾಕಿದರೆ, ಇಲ್ಲವೆ ಚಂದಾ ಏರಿಸಿದರೆ, ಬಾಕಿದಾರರ ಪಟ್ಟಿ ಯಾರ ಕೈಯಲ್ಲಿ? ಹುಡುಗನ ಆರು ತಿಂಗಳ ಗಳಿಕೆಗೆ ಬಿದ್ದ ಬೀಗವೇ ಅಪ್ಪನ ಕಿರ್ದಿಗೂ ಬಿದ್ದೀತು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಕಾಯಿದೆಗೆ ತಿದ್ದುಪಡಿ ತಂದು ಕೈಬಿಟ್ಟ ಹಕ್ಕನ್ನು ಮರಳಿ ಸೇರಿಸಬೇಕು. ಆಟವಿರಲಿ, ಅಂಗಡಿಯಿರಲಿ, ಬಳಸಿದವನ ಲೆಕ್ಕವನ್ನು ಓದಬಲ್ಲ ರೂಪದಲ್ಲಿ, ಪುಕ್ಕಟೆಯಾಗಿ ಕೊಡಬೇಕು. ಅಲ್ಲಿಯವರೆಗೆ ವ್ಯಾಪಾರಿ ಬಂಧುಗಳು ಯಾವ ಆ್ಯಪಿಗೂ ಕಿರ್ದಿ ಒಪ್ಪಿಸುವ ಮುನ್ನ ಒಂದು ಪ್ರಶ್ನೆ ಕೇಳಲಿ: ಬಿಟ್ಟು ಹೋಗುವ ದಿನ ಇದು ನನ್ನ ಕಂಕುಳಿಗೆ ಬರುತ್ತದೆಯೇ?