ರುಜು ಬಂದರೆ ಸಾಲದು, ಓದು ಬರಬೇಕು



ಈ ಪುಟ ಓದುತ್ತಿದ್ದೀರಿ ಅಂದಮೇಲೆ ನಿಮಗೆ ಅಕ್ಷರ ಬರುತ್ತದೆ. ನಿಮ್ಮ ಮನೆಯ ಹೆಂಗಸರಿಗೆ? ಹೊಲಕ್ಕೆ ಬರುವ ಕೂಲಿಯವರಿಗೆ? ಬದುವಿನಾಚೆಯ ರೈತನಿಗೆ? 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ನೂರು ಜನರಲ್ಲಿ 75 ಮಂದಿ ಅಕ್ಷರಸ್ಥರು. ಯಾದಗಿರಿ ಜಿಲ್ಲೆಯಲ್ಲಿ ಬರೀ 52.

ಸರ್ಕಾರ 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ತಂದಿತು, 1988ರಲ್ಲಿ ಸಾಕ್ಷರತಾ ಮಿಷನ್, 2009ರಲ್ಲಿ ಸಾಕ್ಷರ ಭಾರತ. ಕಲಿತವರು ಕಲಿತರು. ಆದರೆ ಎಷ್ಟೋ ಊರುಗಳಲ್ಲಿ ಪಾಠ ರುಜು ಹಾಕುವಲ್ಲಿಗೇ ನಿಂತಿತು. ಇದು ಇನ್ನೂ ಅಪಾಯ. ಹೆಬ್ಬೆಟ್ಟು ಒತ್ತುವವನಿಗೆ ಪತ್ರ ಓದಿ ಹೇಳಬೇಕು ಅನ್ನೋ ಪದ್ಧತಿಯಾದರೂ ಉಂಟು. ರುಜು ಹಾಕಿದವನು ಎಲ್ಲಾ ಓದಿಯೇ ಹಾಕಿದ ಅಂತ ಲೆಕ್ಕ!

ಓದು ಬಾರದ್ದಕ್ಕೆ ತೆರುವ ದಂಡ ನೋಡಿ. ಲೇವಾದೇವಿಯವನು "ನೂರಕ್ಕೆ ಮೂರೇ ರೂಪಾಯಿ" ಅಂತಾನೆ. ಅದು ತಿಂಗಳಿಗೆ. 50,000 ರೂಪಾಯಿ ಸಾಲಕ್ಕೆ ವರ್ಷದ ಬಡ್ಡಿ 18,000. ಮಂಡಿಯಲ್ಲಿ ದಲ್ಲಾಳಿಯ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಮಾರುವ ರೈತನಲ್ಲ. ಆದರೂ ಬಿಳಿ ಚೀಟಿ ಬರೆದು ನಮ್ಮ ದುಡ್ಡಿನಲ್ಲೇ ಮುರಿದುಕೊಳ್ಳುವವರಿದ್ದಾರೆ. ಬೆಳೆ ವಿಮೆ 2020ರ ಮುಂಗಾರಿನಿಂದ ಸಾಲಗಾರ ರೈತನಿಗೂ ಕಡ್ಡಾಯವಲ್ಲ. ಆದರೆ ಬೇಡವೆಂದು ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಸುಮ್ಮನಿದ್ದರೆ ಕಂತು ಮುರಿಯುತ್ತಾರೆ. ವಿಮೆ ಇದ್ದು ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ತಿಳಿಸಬೇಕು. ಸಾಲ ತೀರಿಸಿದ ಮೇಲೂ ಪಹಣಿಯ 11ನೇ ಕಾಲಂನಲ್ಲಿ ಋಣ ಹಾಗೇ ಕೂತಿದೆಯೋ ಎಂದು ನೋಡಲು ಓದು ಬೇಡವೆ?

"ಕೂಲಿಯವರು ಓದಿದರೆ ಹೊಲಕ್ಕೆ ಯಾರು ಬರ್ತಾರೆ?" ಅನ್ನುವವರು ನಮ್ಮಲ್ಲೇ ಇದ್ದಾರೆ. ಈ ಮಾತು ನಮಗೆ ಶೋಭಿಸುವುದಿಲ್ಲ. ಕೀಟನಾಶಕದ ಡಬ್ಬಿಯ ಮೇಲಿನ ಅಳತೆ ಓದಲು ಬಾರದ ಆಳಿನ ಕೈಗೆ ಪಂಪು ಕೊಟ್ಟರೆ ಅವನ ಜೀವಕ್ಕೂ ಕುತ್ತು, ನಿಮ್ಮ ಬೆಳೆಗೂ ಕುತ್ತು. ತನ್ನ ಕೂಲಿಯ ಲೆಕ್ಕ ತಾನೇ ಬರೆಯಬಲ್ಲವನ ಜೊತೆ ಜಗಳವೂ ಕಡಿಮೆ.

ಸರ್ಕಾರದ ಮೇಷ್ಟ್ರಿಗೆ ಕಾಯಬೇಡಿ. ಸುಗ್ಗಿ ಮುಗಿದ ಮೇಲೆ ವಾರಕ್ಕೆ ಮೂರು ರಾತ್ರಿ, ಒಂದೊಂದು ತಾಸು ಊರ ಕಟ್ಟೆಯ ಮೇಲೆ ಕೂತುಕೊಳ್ಳಿ. ಕಟ್ಟೆಗೆ ಬಾರದ ಹೆಂಗಸರಿಗೆ ಓದಿದ ಹೆಣ್ಣುಮಕ್ಕಳು ಮನೆಯಲ್ಲೇ ಹೇಳಿಕೊಡಲಿ. ಬೇರೆ ಪುಸ್ತಕ ಬೇಕಿಲ್ಲ. ಪಹಣಿ, ಪಾಸ್ ಪುಸ್ತಕ, ಮಂಡಿಯ ಚೀಟಿ, ಸಾಲಪತ್ರ ಇವೇ ಪಾಠ. ಒಬ್ಬರು ಇಬ್ಬರಿಗೆ ಕಲಿಸಿ. ಬೆಲೆ ಕೇಳಲು ಬೀದಿಗಿಳಿದ ನಾವು ಕಾಗದ ಕೇಳಿ ಓದುವುದನ್ನೂ ಕಲಿಯಬೇಕು. ಅಲ್ಲಿಯವರೆಗೆ ಓದಿ ಹೇಳದ ಕಾಗದಕ್ಕೆ ನಿಮ್ಮೂರಿನ ಯಾರೂ ರುಜು ಹಾಕದಂತೆ ನೋಡಿಕೊಳ್ಳಿ.