ಬೇರೆಯವರು ಬಿಟ್ಟುಕೊಟ್ಟವರ ತಂಡ

ಐಪಿಎಲ್‌ಗೆ ಹೊಸ ತಂಡ ಬಂದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. 2022ರಲ್ಲಿ ಗುಜರಾತ್ ಮತ್ತು ಲಖನೌ ತಂಡಗಳು ಬಂದಾಗ ಹರಾಜಿಗೆ ಮೊದಲೇ ತಲಾ ಮೂವರನ್ನು ಆರಿಸಿಕೊಂಡವು. ನಮ್ಮ ಕೆ.ಎಲ್. ರಾಹುಲ್ 17 ಕೋಟಿ ರೂಪಾಯಿಗೆ ಲಖನೌ ಪಾಲಾದರು. ಮಿಕ್ಕಿದ್ದೆಲ್ಲ ಹರಾಜಿನಲ್ಲಿ ಇತ್ಯರ್ಥ. ಹಳಬರ ಕೈಯಲ್ಲಿದ್ದಂತೆ ಹೊಸಬರ ಕೈಯಲ್ಲೂ ದುಡ್ಡಿತ್ತು, ಕೂಗಿದರು, ಕೊಂಡರು.

ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೊಸ ತಂಡದ ಪಾಡು ಬೇರೆ. ಅಲ್ಲಿನ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಗೆ 2025ರಲ್ಲಿ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಎಂಬ ತಂಡ ಸೇರಿತು. ಊರು ಸ್ಯಾನ್ ಫ್ರಾನ್ಸಿಸ್ಕೊ. ಆಗ ಲೀಗ್‌ನಲ್ಲಿ 12 ತಂಡಗಳಿದ್ದವು. ಹೊಸ ತಂಡಕ್ಕೆ ಆಟಗಾರ್ತಿಯರನ್ನು ಕೊಡಲು ಲೀಗ್ ಒಂದು ನಿಯಮ ಮಾಡಿತು. ಪ್ರತಿ ಹಳೆಯ ತಂಡ ತನ್ನ ಆರು ಜನರ ಹೆಸರು ಬರೆದುಕೊಡಬೇಕು, ಅವರನ್ನು ಯಾರೂ ಮುಟ್ಟುವಂತಿಲ್ಲ. ಉಳಿದವರಲ್ಲಿ ಒಂದು ತಂಡದಿಂದ ಒಬ್ಬರನ್ನು ಮಾತ್ರ ಹೊಸ ತಂಡ ಎತ್ತಿಕೊಳ್ಳಬಹುದು. ಇದಕ್ಕೆ ಎಕ್ಸ್‌ಪಾನ್ಶನ್ ಡ್ರಾಫ್ಟ್ ಎನ್ನುತ್ತಾರೆ.

ಸರಳವಾಗಿ ಹೇಳಬೇಕೆಂದರೆ, ಎಲ್ಲರ ಮನೆಯ ಅಡುಗೆಯಲ್ಲಿ ಮೊದಲ ಆರು ಬಡಿಸಾದ ಮೇಲೆ ಏಳನೆಯದನ್ನು ನೀನು ತಗೋ ಅಂದ ಹಾಗೆ.

2024ರ ಡಿಸೆಂಬರ್ 6ರಂದು ವಾಲ್ಕಿರೀಸ್ ಹಾಗೆ 11 ಜನರನ್ನು ಆರಿಸಿತು. ಸಿಯಾಟಲ್ ತಂಡದಿಂದ ಯಾರನ್ನೂ ತೆಗೆದುಕೊಳ್ಳಲಿಲ್ಲ. ಪಟ್ಟಿಯಲ್ಲಿ ಒಬ್ಬ ದೊಡ್ಡ ತಾರೆಯೂ ಇರಲಿಲ್ಲ. ಬೆಲ್ಜಿಯಂ, ಇಟಲಿ, ಫ್ರಾನ್ಸ್, ಸ್ಪೇನ್, ಬ್ರಿಟನ್, ಆಸ್ಟ್ರೇಲಿಯಾದವರು ಇದ್ದರು, ಅಮೆರಿಕದ ಕೆಲವು ಬೆಂಚ್ ಆಟಗಾರ್ತಿಯರಿದ್ದರು. ಆಮೇಲೆ ಕಾಲೇಜು ಡ್ರಾಫ್ಟ್‌ನಲ್ಲಿ ಐದನೇ ಆಯ್ಕೆ ಸಿಕ್ಕಿತು. ಒಪ್ಪಂದ ಮುಗಿದಿದ್ದ ಅನುಭವಿ ಟಿಫಾನಿ ಹೇಯ್ಸ್ ಸಹಿ ಹಾಕಿದರು, ಫ್ರಾನ್ಸ್‌ನ ಜಾನೆಲ್ ಸಲಾವುನ್ ಬಂದರು. ಕೊನೆಗೆ ಶಿಬಿರ ನಡೆಸಿ, ಸೋಸಿ, ಹನ್ನೆರಡರ ಮಿತಿಯೊಳಗೆ ತಂಡವನ್ನು ಇಳಿಸಬೇಕು. ತಂಡ ಕಟ್ಟುವುದು ಎಂದರೆ ಇಷ್ಟೇ.

ಇಂಥ ತಂಡದಿಂದ ಯಾರು ಏನು ನಿರೀಕ್ಷಿಸುತ್ತಾರೆ? ಇದಕ್ಕೂ ಮುಂಚೆ, 2008ರಲ್ಲಿ ಲೀಗ್‌ಗೆ ಬಂದ ಅಟ್ಲಾಂಟಾ ಡ್ರೀಮ್ ಮೊದಲ 17 ಪಂದ್ಯಗಳನ್ನೂ ಸೋತು, ಕೊನೆಗೆ 34ರಲ್ಲಿ ನಾಲ್ಕನ್ನು ಗೆದ್ದಿತ್ತು. ಪುರುಷರ ಎನ್‌ಬಿಎಯಲ್ಲಿ 2004ರಲ್ಲಿ ಬಂದ ಶಾರ್ಲಟ್ ಬಾಬ್‌ಕ್ಯಾಟ್ಸ್ ಮೊದಲ ವರ್ಷ 82ರಲ್ಲಿ 18 ಗೆದ್ದಿತು. ಹೊಸ ತಂಡವೆಂದರೆ ಉಳಿದವರಿಗೆ ಸುಲಭದ ಎರಡು ಅಂಕ ಎನ್ನುವ ಲೆಕ್ಕ.

ವಾಲ್ಕಿರೀಸ್ 44ರಲ್ಲಿ 23 ಪಂದ್ಯ ಗೆದ್ದಿತು. ಮೊದಲ ವರ್ಷವೇ ಪ್ಲೇಆಫ್ ತಲುಪಿದ ಲೀಗ್‌ನ ಮೊದಲ ಎಕ್ಸ್‌ಪಾನ್ಶನ್ ತಂಡ ಅದು. ತಮಾಷೆಯೆಂದರೆ, ಪ್ಲೇಆಫ್ ಪಂದ್ಯದ ಹೊತ್ತಿಗೆ ಅವರದೇ ಕ್ರೀಡಾಂಗಣ ಒಂದು ಟೆನಿಸ್ ಟೂರ್ನಿಗೆ ಬುಕ್ ಆಗಿತ್ತು. ತವರಿನ ಪಂದ್ಯವನ್ನು ಪಕ್ಕದ ಸ್ಯಾನ್ ಹೊಸೆಯಲ್ಲಿ ಆಡಬೇಕಾಯಿತು. ಮಿನೆಸೋಟ ವಿರುದ್ಧ ಸೋತು ಹೊರಬಿದ್ದರು, ಅದು ಬೇರೆ ಮಾತು.

ನನ್ನ ತಲೆಯಲ್ಲಿ ಉಳಿದದ್ದು ವೆರೋನಿಕಾ ಬರ್ಟನ್ ಕತೆ. 2022ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಡಾಲಸ್ ಸೇರಿದ ಅವರನ್ನು ಎರಡು ವರ್ಷದಲ್ಲಿ ಆ ತಂಡ ಕೈಬಿಟ್ಟಿತು. ಕನೆಕ್ಟಿಕಟ್ ಕರೆದುಕೊಂಡಿತು, ಆದರೆ ಬೆಂಚಿನ ಮೇಲೆ ಕೂರಿಸಿತು. ಪಂದ್ಯಕ್ಕೆ ಸರಾಸರಿ ಮೂರು ಅಂಕ. ಆ ತಂಡವೂ ತನ್ನ ಆರರ ಪಟ್ಟಿಯಲ್ಲಿ ಅವರ ಹೆಸರು ಬರೆಯಲಿಲ್ಲ. ವಾಲ್ಕಿರೀಸ್‌ನಲ್ಲಿ ಅವರು ಆರಂಭಿಕ ಐವರಲ್ಲಿ ಒಬ್ಬರಾದರು, ಸರಾಸರಿ ಹನ್ನೆರಡರ ಹತ್ತಿರ ಹೋಯಿತು, ಆ ವರ್ಷ ಲೀಗ್‌ನಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ್ತಿ ಪ್ರಶಸ್ತಿ ಬಂತು. ಒಂದೇ ಚಳಿಗಾಲದಲ್ಲಿ ಅವರ ಕೈಚಳಕ ನಾಲ್ಕು ಪಟ್ಟು ಹೆಚ್ಚಿತೆಂದು ನಾನು ನಂಬುವುದಿಲ್ಲ. ಹೆಚ್ಚಿದ್ದು ಅವರಿಗೆ ಸಿಕ್ಕ ನಿಮಿಷಗಳು ಮತ್ತು ಚೆಂಡು. ಕೈಲಾ ಥಾರ್ನ್‌ಟನ್‌ರದ್ದೂ ಹಾಗೆಯೇ: ಕಾಲೇಜು ಮುಗಿಸಿದಾಗ ಯಾವ ತಂಡವೂ ಡ್ರಾಫ್ಟ್ ಮಾಡದಿದ್ದವರು, ನ್ಯೂಯಾರ್ಕ್ ಕೈಬಿಟ್ಟ ಮೇಲೆ ಇಲ್ಲಿ ಬಂದು ಆಲ್‌ಸ್ಟಾರ್ ಆದರು.

ಕೋಚ್ ನಟಾಲಿ ನಕಾಸೆ ಕೂಡ ಇಂಥದೇ ದಾರಿಯಲ್ಲಿ ಬಂದವರು. ಎತ್ತರ ಐದು ಅಡಿ ಎರಡು ಅಂಗುಲ. ಕಾಲೇಜು ತಂಡಕ್ಕೆ ವಿದ್ಯಾರ್ಥಿವೇತನವಿಲ್ಲದೆ ಸೇರಿದ್ದರು, ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ನಲ್ಲಿ ವಿಡಿಯೊ ಕತ್ತರಿಸುವ ಇಂಟರ್ನ್ ಆಗಿದ್ದರು. (ಇಂಟರ್ನ್‌ಶಿಪ್‌ನಲ್ಲಿ ಎಕ್ಸೆಲ್ ತುಂಬಿಸುತ್ತಿರುವ ಗೆಳೆಯರು ಗಮನಿಸಿ.) ಮೊದಲ ವರ್ಷವೇ ವರ್ಷದ ಕೋಚ್ ಪ್ರಶಸ್ತಿ ಅವರದಾಯಿತು.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಕಾಲೇಜಿನ ನೋಟಿಸ್ ಬೋರ್ಡ್. ನಾನು ಮೂರನೇ ವರ್ಷದ ಬಿಇ ವಿದ್ಯಾರ್ಥಿನಿ. ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಹನ್ನೆರಡನೆಯವಳು, ಹೆಚ್ಚಾಗಿ ನೀರಿನ ಬಾಟಲಿಯ ಉಸ್ತುವಾರಿ ನನ್ನದೇ. ಸೀನಿಯರ್‌ಗಳ ಪ್ಲೇಸ್‌ಮೆಂಟ್ ನಡೆಯುತ್ತಿದೆ, ಮುಂದಿನ ಸರದಿ ನಮ್ಮದು. ಬರುವ ಪ್ರತಿ ಕಂಪನಿಯ ಕೆಳಗೆ ಒಂದೇ ಸಾಲು: ಸಿಜಿಪಿಎ 7.5, ಬ್ಯಾಕ್‌ಲಾಗ್ ಇರಬಾರದು.

ಸಾವಿರಗಟ್ಟಲೆ ಅರ್ಜಿ ಬರುವ ದೊಡ್ಡ ಕಂಪನಿ ಹೀಗೆ ಜರಡಿ ಹಿಡಿಯುವುದು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು, ಮೂವತ್ತು ಜನರಿಲ್ಲದ, ನಿನ್ನೆ ಮೊನ್ನೆ ಶುರುವಾದ ಕಂಪನಿಯೂ ಅದೇ ಜರಡಿಯನ್ನು ಎರವಲು ತರುವುದು. ನಮ್ಮಲ್ಲಿಗೆ ಹಾರ್ಡ್‌ವೇರ್ ಮಾಡುವ ಅಂಥದೊಂದು ಕಂಪನಿ ಬಂದಿತ್ತು. ನಾಲ್ವರನ್ನು ಆರಿಸಿತು, ನಾಲ್ವರೂ ಬೋರ್ಡಿನ ಮೇಲ್ತುದಿಯವರು. ಅವರಲ್ಲಿ ಮೂವರು ದೊಡ್ಡ ಕಂಪನಿಯ ಪತ್ರ ಬಂದ ಕೂಡಲೇ ಇದನ್ನು ಬಿಟ್ಟರು. ಅದೇ ಹೊತ್ತಿಗೆ, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ ನಮ್ಮ ಸೀನಿಯರ್ ಒಬ್ಬರು ಲ್ಯಾಬಿನಲ್ಲಿ ಬೋರ್ಡ್ ಬೆಸುಗೆ ಹಾಕುತ್ತಿದ್ದರು. ಅರ್ಧ ಕ್ಲಾಸಿನ ಪ್ರಾಜೆಕ್ಟ್ ಓಡುವುದೇ ಅವರಿಂದ. ಗಣಿತದ ಎರಡು ಪೇಪರ್ ಕೈಕೊಟ್ಟಿದ್ದರಿಂದ ಸಿಜಿಪಿಎ 6.8. ಅರ್ಜಿಯ ಲಿಂಕ್ ಕೂಡ ಅವರಿಗೆ ತೆರೆಯಲಿಲ್ಲ.

ವಾಲ್ಕಿರೀಸ್‌ಗೆ ಆ ಆರರ ಪಟ್ಟಿ ಕಾನೂನಿನಂತೆ ಮುಚ್ಚಿತ್ತು, ಬೇರೆ ಕಡೆ ನೋಡದೆ ವಿಧಿಯಿರಲಿಲ್ಲ. ನಮ್ಮ ಹೊಸ ಕಂಪನಿಗಳಿಗೆ ಆ ಆರರ ಪಟ್ಟಿ ತೆರೆದಂತೆ ಕಾಣುತ್ತದೆ, ಆದರೆ ನಿಜದಲ್ಲಿ ಮುಚ್ಚಿಯೇ ಇರುತ್ತದೆ. ಟಾಪರ್‌ಗಳು ಅವರಿಗೆ ಸಿಗುವುದಿಲ್ಲ, ಸಿಕ್ಕರೂ ನಿಲ್ಲುವುದಿಲ್ಲ. ಹಾಗಿರುವಾಗ ಇನ್ನೊಬ್ಬರು ಬಿಟ್ಟದ್ದರಲ್ಲಿ ತನಗೆ ಬೇಕಾದದ್ದು ಯಾವುದು ಎಂದು ಹುಡುಕುವುದೇ ಜಾಣತನವಲ್ಲವೇ? ಪಟ್ಟಿ ಮಾಡಿದವನು ತನ್ನ ಅಗತ್ಯಕ್ಕೆ ಮಾಡಿರುತ್ತಾನೆ. ಕನೆಕ್ಟಿಕಟ್‌ಗೆ ಬೇರೆ ಗಾರ್ಡ್‌ಗಳಿದ್ದರು, ಅದಕ್ಕೇ ಬರ್ಟನ್ ಬೇಕಿರಲಿಲ್ಲ. ಅದು ಬರ್ಟನ್ ಬಗ್ಗೆ ಕೊಟ್ಟ ತೀರ್ಪಲ್ಲ.

ನನ್ನ ರೂಮ್‌ಮೇಟ್ ಇದನ್ನು ಕೇಳಿ ನಕ್ಕಳು. "ಅವರೆಲ್ಲ ಪ್ರಪಂಚದ ಮೊದಲ ನೂರೈವತ್ತರಲ್ಲಿ ಇರೋರು ಕಣೇ, ನಾವು?" ಅಂದಳು. ಅವಳ ಮಾತು ನಿಜ. ಬರ್ಟನ್‌ಗೆ ಕಾಲೇಜಿನಿಂದಲೂ ಗಟ್ಟಿ ಡಿಫೆಂಡರ್ ಎಂಬ ಹೆಸರಿತ್ತು. ಬೆಂಚಿನ ಮೇಲಿದ್ದಾಗಲೂ ಒಂದು ಕೆಲಸ ಪಕ್ಕಾ ಬರುತ್ತಿತ್ತು, ಅದನ್ನೇ ಹೊಸ ತಂಡ ನೋಡಿತು. ನಮ್ಮ ಕೈಯಲ್ಲಿ ತೋರಿಸಲು ಏನೂ ಇಲ್ಲದೆ ಕಟ್ ಆಫ್ ತೆಗೆಯಿರಿ ಎನ್ನುವುದು ಬರೀ ಗಲಾಟೆಯಾಗುತ್ತದೆ.

ಹೊಸ ತಂಡ ದಯಾಮಯಿ ಎಂದೂ ತಿಳಿಯಬೇಕಿಲ್ಲ. ಬೆಲ್ಜಿಯಂನ ಜೂಲಿ ವಾನ್ಲೂ ಆ 11 ಜನರಲ್ಲಿ ಒಬ್ಬರು. 2025ರ ಜೂನ್‌ನಲ್ಲಿ ತಮ್ಮ ದೇಶಕ್ಕೆ ಯುರೋಪಿನ ಚಿನ್ನ ಗೆದ್ದು ಮರಳುತ್ತಿದ್ದಂತೆ ವಾಲ್ಕಿರೀಸ್ ಅವರನ್ನು ಕೈಬಿಟ್ಟಿತು. ಲಾಸ್ ಏಂಜಲೀಸ್ ತಂಡ ಕರೆದುಕೊಂಡಿದ್ದರಿಂದ ಆಟ ಮುಂದುವರಿಯಿತು. ಸ್ಟಾರ್ಟಪ್‌ಗಳಲ್ಲಿ ಕೆಲಸ ಹೋದ ಅಣ್ಣ ಅಕ್ಕಂದಿರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ.

ಆದರೂ ನನಗೆ ಎರಡು ಆಫರ್ ಬಂದರೆ, ಬಂದರೆ ತಾನೇ, ನಾನು ಕೇಳುವ ಮೊದಲ ಪ್ರಶ್ನೆ ಪ್ಯಾಕೇಜ್ ಎಷ್ಟು ಎಂಬುದಲ್ಲ. ಮೊದಲ ಆರು ತಿಂಗಳು ನನ್ನ ಕೈಗೆ ಏನು ಕೊಡುತ್ತೀರಿ ಎಂದು ಕೇಳುತ್ತೇನೆ. ಅಪ್ಪನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಎಜುಕೇಶನ್ ಲೋನ್ ಅವರ ಹೆಸರಿನಲ್ಲಿದೆ.

ಈ ನಡುವೆ ನಾವು ನಾಲ್ವರು ಪ್ಲೇಸ್‌ಮೆಂಟ್ ಆಫೀಸರ್‌ಗೆ ಒಂದು ಮನವಿ ಕೊಟ್ಟಿದ್ದೇವೆ. ಐವತ್ತಕ್ಕಿಂತ ಕಡಿಮೆ ಜನರಿರುವ ಕಂಪನಿ ಬಂದಾಗ, ಕಟ್ ಆಫ್ ಹಾಕುವ ಮೊದಲು ಒಂದು ಗಂಟೆ ಅವರನ್ನು ಲ್ಯಾಬಿಗೆ ಕರೆತನ್ನಿ, ಪ್ರಾಜೆಕ್ಟ್‌ಗಳನ್ನು ಮಾಡಿದವರ ಬಾಯಿಂದಲೇ ಕೇಳಲಿ ಎಂದು. "ನೋಡೋಣ" ಎಂದಿದ್ದಾರೆ ಸರ್. ಸೀನಿಯರ್‌ಗಳಿಗೆ ಇನ್ನು ಉಳಿದಿರುವುದು ಒಂದೇ ಸೆಮಿಸ್ಟರ್.