ಹಳೆಯ ಗೆಳೆತನವೇ ಬಂಡವಾಳ: ಸದಸ್ಯತ್ವ ಜಾಲದ ಲೆಕ್ಕಾಚಾರ

ದಾವಣಗೆರೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕು ಕೇಂದ್ರಗಳಲ್ಲಿ ಬಹುತೇಕರು ಪರಸ್ಪರ ಪರಿಚಿತರು. ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಈ ಪರಿಚಯವೇ ಬಂಡವಾಳ. ಹಳೆಯ ಸಹಪಾಠಿ ವರ್ಷಗಳ ಬಳಿಕ ಕರೆ ಮಾಡಿ, ಯೋಗಕ್ಷೇಮ ವಿಚಾರಿಸಿ, ಕೊನೆಗೆ ಸದಸ್ಯತ್ವದ ಮಾತೆತ್ತುತ್ತಾನೆ.

ಪ್ರತಿ ಸದಸ್ಯನೂ ಆರು ಮಂದಿಯನ್ನು ಸೇರಿಸುತ್ತಾ ಹೋದರೆ ಹತ್ತನೇ ಹಂತದ ವೇಳೆಗೆ 7 ಕೋಟಿಗೂ ಹೆಚ್ಚು ಜನ ಬೇಕು. 2011ರ ಜನಗಣತಿಯಂತೆ ಇಡೀ ರಾಜ್ಯದ ಜನಸಂಖ್ಯೆಯೇ 6.11 ಕೋಟಿ. ಹೀಗಾಗಿ ತಡವಾಗಿ ಸೇರಿದವರಿಗೆ ನಷ್ಟ ನಿಶ್ಚಿತ.

ಸರಕುಗಳ ನೇರ ಮಾರಾಟಕ್ಕೆ 2021ರ ನಿಯಮಗಳಡಿ ಅವಕಾಶವಿದೆ, ಪಿರಮಿಡ್ ಯೋಜನೆಗಳಿಗಿಲ್ಲ. ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆಯಡಿ ಅವುಗಳಿಗೆ ಸದಸ್ಯರಾಗುವುದೂ ಅಪರಾಧ. ದೂರು ನೀಡಿದರೆ ಗೆಳೆಯನೂ ಸಿಲುಕುತ್ತಾನೆ, ತಾನೂ ಉತ್ತರಿಸಬೇಕಾಗುತ್ತದೆ. ಆದ್ದರಿಂದಲೇ ಹಣ ಕಳೆದುಕೊಂಡವರು ಮೌನಕ್ಕೆ ಶರಣಾಗುತ್ತಾರೆ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಆದಾಯ ಬರುವುದು ಸರಕಿನ ಮಾರಾಟದಿಂದಲೋ, ಹೊಸ ಸದಸ್ಯರ ಸೇರ್ಪಡೆಯಿಂದಲೋ?